ಆಟದ ನಡುವೆ ಚೌಕಿಗೆ ಹೋಗಿಬರುವ ದಾರಿ

"ಸರ್, ಇದು ನನ್ನನ್ನು ಹೊರಗೆ ಹೋಗು ಅಂತ ಹೇಳ್ತಾ ಉಂಟು. ಹೊರಗೆ ಅಂದ್ರೆ ಎಲ್ಲಿಗೆ?"

ಅಂಬಲಪಾಡಿಯಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಬಾಡಿಗೆಗಿದ್ದು ಮಣಿಪಾಲಕ್ಕೆ ಓದಲು ಹೋಗುವ ಹುಡುಗ ಒಂದು ರಾತ್ರಿ ಹತ್ತೂವರೆಗೆ ಫೋನು ಮಾಡಿ ಕೇಳಿದ್ದು ಇದು. ಅವನ ಲ್ಯಾಪ್‌ಟಾಪಿನಲ್ಲಿ ಉಬುಂಟು ಲಿನಕ್ಸ್, ಒಳಗೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡು. ಕಂಪನಿಯ ಜಾಲತಾಣದಿಂದ ಡ್ರೈವರ್ ಇಳಿಸಿಕೊಂಡು ಓಡಿಸಿದ್ದಾನೆ. ನೀನು ಎಕ್ಸ್ ಸರ್ವರ್ ನಡೆಸುತ್ತಿರುವ ಹಾಗೆ ಕಾಣುತ್ತದೆ, ಅದರಿಂದ ಹೊರಬಂದು ಆಮೇಲೆ ನನ್ನನ್ನು ಕರೆ ಎಂದು ಅದು ಇಂಗ್ಲಿಷಿನಲ್ಲಿ ಹೇಳಿ ಕೈತೊಳೆದುಕೊಂಡಿದೆ. ಹುಡುಗ ತೆರೆದಿದ್ದ ಕಿಟಕಿಗಳನ್ನೆಲ್ಲ ಮುಚ್ಚಿದ. ಲಾಗೌಟ್ ಮಾಡಿ ಮತ್ತೆ ಒಳಗೆ ಬಂದ. ಡ್ರೈವರಿನದು ಅದೇ ಹಾಡು. ಪರದೆಯ ಮೇಲೆ ಕಾಣುವುದನ್ನೆಲ್ಲ ಮುಚ್ಚಿಯಾದ ಮೇಲೂ ಇನ್ನೆಲ್ಲಿಗೆ ಹೊರಗೆ ಹೋಗುವುದು ಎನ್ನುವುದು ಅವನ ಸಂಕಟ. ನ್ಯಾಯವಾದ ಸಂಕಟವೇ.

ಈ ಪ್ರಶ್ನೆ ಅವನೊಬ್ಬನದಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ಮುಗಿಯಿತು. ವಿಂಡೋಸ್ 11 ತನಗೆ ಬೇಡವೆಂದು ದೂಡಿದ ಹಳೆ ಯಂತ್ರಗಳಿಗೆ ಲಿನಕ್ಸ್ ಹಾಕಿಕೊಂಡವರ ಪತ್ರಗಳು ಆಮೇಲಿಂದ ನನಗೆ ಬರುತ್ತಲೇ ಇವೆ. ಮದುವೆ ವಿಡಿಯೊ ಎಡಿಟ್ ಮಾಡುವ ಕಾಪುವಿನವರು, ಡಿಟಿಪಿ ಮಾಡುವ ಕಾರ್ಕಳದವರು, ಪ್ರಾಜೆಕ್ಟಿನ ತಲೆಬಿಸಿಯಲ್ಲಿರುವ ವಿದ್ಯಾರ್ಥಿಗಳು. ಎಲ್ಲರ ಕಾಲೂ ತಾಗುವುದು ಈ ಒಂದೇ ಹೊಸ್ತಿಲಿಗೆ. ಹಾಗಾಗಿ ಈ ವಾರ ಹೊಸ್ತಿಲಿನ ಆಚೆ ಏನಿದೆ ಎಂದು ನೋಡೋಣ.

ನಮ್ಮ ಕಡೆಯವರಿಗೆ ಇದನ್ನು ಬಯಲಾಟದ ಮೂಲಕ ಹೇಳಿದರೆ ಬೇಗ ಹಿಡಿಯುತ್ತದೆ. ಕೊಯ್ಲಾದ ಗದ್ದೆಯಲ್ಲಿ ಸಂಜೆ ರಂಗಸ್ಥಳ ಏಳುತ್ತದೆ, ಬೆಳಗಾದರೆ ಬಿಚ್ಚಿಕೊಂಡು ಹೋಗುತ್ತದೆ. ಗದ್ದೆ ಅಲ್ಲೇ ಇರುತ್ತದೆ. ರಂಗಸ್ಥಳದ ಹಿಂದೆ ಸ್ವಲ್ಪ ದೂರದಲ್ಲಿ ಚೌಕಿ. ಬಣ್ಣ ಹಚ್ಚುವುದು, ಕಿರೀಟ ಕಟ್ಟುವುದು, ಸೋತು ಬಂದ ರಾಕ್ಷಸ ಚಾ ಕುಡಿಯುವುದು ಎಲ್ಲ ಅಲ್ಲೇ. ಲಿನಕ್ಸ್‌ನಲ್ಲಿ ನಾವು ದಿನವೂ ನೋಡುವ ಬಣ್ಣದ ಡೆಸ್ಕ್‌ಟಾಪು ಇಂಥದೊಂದು ಕಟ್ಟಿದ ರಂಗಸ್ಥಳ. ಅದನ್ನು ಕಟ್ಟಿಕೊಡುವ ತಂತ್ರಾಂಶ ಲಿನಕ್ಸಿಗಿಂತ ಹಳೆಯದು. ಎಕ್ಸ್ ಎಂಬ ಆ ವ್ಯವಸ್ಥೆ ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಹುಟ್ಟಿತು, ಅದರ ಹನ್ನೊಂದನೆಯ ಆವೃತ್ತಿ ಬಂದದ್ದು 1987ರಲ್ಲಿ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸಿನ ತಿರುಳಾದ ತನ್ನ ಕರ್ನೆಲ್ಲಿನ ಸುದ್ದಿ ಹೊರಗೆಡಹಿದ್ದು 1991ರ ಆಗಸ್ಟಿನಲ್ಲಿ. ಆ ಕರ್ನೆಲ್ಲು ಮೊದಲು ಓಡಿದ್ದು ಬರೀ ಅಕ್ಷರಗಳ ಕಪ್ಪು ಪರದೆಯಲ್ಲಿ. ರಂಗಸ್ಥಳ ಆಮೇಲೆ ಬಂದು ಸೇರಿಕೊಂಡಿತು. ಈಗ ಎಕ್ಸ್ ಜಾಗಕ್ಕೆ 2008ರಲ್ಲಿ ಶುರುವಾದ ವೇಲ್ಯಾಂಡ್ ಬರುತ್ತಿದೆಯಾದರೂ ಏರ್ಪಾಡು ಅದೇ. ರಂಗಸ್ಥಳ ಬಿಚ್ಚಿಟ್ಟರೂ ಯಂತ್ರ ನಿಲ್ಲುವುದಿಲ್ಲ. ಹುಡುಗನಿಗೆ ಡ್ರೈವರ್ ಹೇಳಿದ "ಹೊರಗೆ" ಅಂದರೆ ಈ ಚೌಕಿ.

ಸರಿ, ಹೊರಗೆ ಯಾಕೆ ಹೋಗಬೇಕು? ವಿಡಿಯೊ ಡ್ರೈವರಿಗೆ ಎರಡು ತುಂಡು. ಒಂದು ಕರ್ನೆಲ್ಲಿನ ಒಳಗೆ ಕೂತು ಕಾರ್ಡಿನೊಂದಿಗೆ ನೇರ ವ್ಯವಹರಿಸುವ ಮಾಡ್ಯೂಲು. ಇನ್ನೊಂದು ಹೊರಗೆ ಇದ್ದು, ಚಿತ್ರ ಬಿಡಿಸಬೇಕಾದ ತಂತ್ರಾಂಶಗಳಿಗೆ ಒದಗುವ ಲೈಬ್ರರಿಗಳ ಗುಂಪು. ಡೆಸ್ಕ್‌ಟಾಪು ಓಡುತ್ತಿರುವಷ್ಟು ಹೊತ್ತೂ ಈ ಮಾಡ್ಯೂಲನ್ನು ಹಿಡಿದುಕೊಂಡೇ ಇರುತ್ತದೆ. ಎಷ್ಟು ಜನ ಹಿಡಿದಿದ್ದಾರೆ ಎಂದು ಕರ್ನೆಲ್ಲು ಲೆಕ್ಕ ಇಡುತ್ತದೆ. ಆ ಲೆಕ್ಕ ಸೊನ್ನೆಗೆ ಇಳಿಯುವ ತನಕ ಮಾಡ್ಯೂಲನ್ನು ಕೀಳಲು ಬಿಡುವುದಿಲ್ಲ. ವೇಷ ಕುಣಿಯುತ್ತಿರುವಾಗ ಮದ್ದಳೆಗಾರರ ಮಡಿಲಿನಿಂದ ಮದ್ದಳೆ ಎಳೆದು ಬೇರೆಯದನ್ನು ಇಟ್ಟರೆ ಭಾಗವತರು ಸುಮ್ಮನಿರುತ್ತಾರೆಯೇ? ಹೊರಗಿನ ಲೈಬ್ರರಿಗಳನ್ನಷ್ಟೇ ಹೊಸದು ಮಾಡಿ ಒಳಗಿನ ಮಾಡ್ಯೂಲು ಹಳೆಯದೇ ಉಳಿದರೆ ಇನ್ನೊಂದು ಫಜೀತಿ. ಎನ್‌ವಿಡಿಯಾದಲ್ಲಿ ಎರಡರ ಆವೃತ್ತಿಯ ಸಂಖ್ಯೆ ಅಂಕಿಗೆ ಅಂಕಿ ಕೂಡಬೇಕು. ಕೂಡದಿದ್ದರೆ ಡ್ರೈವರಿಗೂ ಲೈಬ್ರರಿಗೂ ಹೊಂದಾಣಿಕೆ ಇಲ್ಲ ಎಂಬ ದೂರು ಬಂದು ಎಲ್ಲವೂ ಅಪಶ್ರುತಿ.

ಇಲ್ಲಿ ಹೆಚ್ಚಿನವರು ಜಾರುವ ಒಂದು ಕಡೆ ಉಂಟು. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿದರೆ ಕಪ್ಪು ಪರದೆ ಬಂದು ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಇದೇ ಹೊರಗೆ ಎಂದುಕೊಂಡು ಡ್ರೈವರ್ ಓಡಿಸುತ್ತಾರೆ. ಅದು ಮತ್ತೆ ಹಳೆ ಹಾಡು ಹಾಡುತ್ತದೆ. ಕಾರಣ ಯಕ್ಷಗಾನ ನೋಡುವವರಿಗೆ ಗೊತ್ತು. ಮುಖ್ಯ ವೇಷ ಪ್ರವೇಶಿಸುವಾಗ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ನಮಗೆ ಕಾಣುವುದು ಬಟ್ಟೆ ಮಾತ್ರ, ಆದರೆ ಹಿಂದೆ ಕುಣಿತ ನಡೆದೇ ಇರುತ್ತದೆ. ಎಫ್3 ಒತ್ತುವುದೆಂದರೆ ತೆರೆ ಹಿಡಿದ ಹಾಗೆ. ಡೆಸ್ಕ್‌ಟಾಪು ಅದರ ಹಿಂದೆ ಕುಣಿಯುತ್ತಲೇ ಇದೆ, ಕಾರ್ಡನ್ನು ಬಿಟ್ಟಿಲ್ಲ. ಆಟವನ್ನೇ ನಿಲ್ಲಿಸಬೇಕು.

ನಿಲ್ಲಿಸುವ ಆಜ್ಞೆ ಒಂದೇ ಸಾಲು. ಪತ್ರಿಕೆಯಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ನೀವು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿಕೊಳ್ಳಿ. ಎಫ್3ರ ಕಪ್ಪು ಪರದೆಯಲ್ಲಿ ಲಾಗಿನ್ ಆಗಿ "ಸುಡೊ ಸಿಸ್ಟಮ್‌ಸಿಟಿಎಲ್ ಐಸೊಲೇಟ್ ಮಲ್ಟಿ-ಯೂಸರ್.ಟಾರ್ಗೆಟ್" ಎನ್ನಬೇಕು. ಹಲವರು ಒಟ್ಟಿಗೆ ಬಳಸಬಹುದಾದ, ಆದರೆ ಚಿತ್ರವಿಲ್ಲದ ಸ್ಥಿತಿಗೆ ಇಳಿ ಎಂದು ಅದರ ಅರ್ಥ. ಹಳಬರು ಈಗಲೂ ಬೆರಳಿನ ಅಭ್ಯಾಸಕ್ಕೆ "ಇನಿಟ್ 3" ಎಂದು ಒತ್ತುತ್ತಾರೆ. ರೆಡ್ ಹ್ಯಾಟ್ ಕಾಲದ ಲೆಕ್ಕದಲ್ಲಿ 3 ಅಂದರೆ ಅಕ್ಷರದ ಮನೆ, 5 ಅಂದರೆ ಚಿತ್ರದ ಮನೆ. ಕೆಲಸ ಮುಗಿದ ಮೇಲೆ ಹಿಂದಿರುಗಲು ಅದೇ ಆಜ್ಞೆಯ ಕೊನೆಗೆ ಮಲ್ಟಿ-ಯೂಸರ್ ಬದಲು "ಗ್ರಾಫಿಕಲ್.ಟಾರ್ಗೆಟ್" ಎಂದರೆ ರಂಗಸ್ಥಳ ಮತ್ತೆ ಏಳುತ್ತದೆ. ಅದೂ ಮರೆತುಹೋದರೆ "ಸುಡೊ ರೀಬೂಟ್". ಹೋಗುವ ದಾರಿಗಿಂತ ಬರುವ ದಾರಿಯನ್ನು ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನೆರಡು ಮಾತು. ಆಟ ನಿಂತಾಗ ತೆರೆದಿಟ್ಟ ಕಾಗದ ಪತ್ರಗಳೆಲ್ಲ ಹೇಳದೆ ಕೇಳದೆ ಮುಚ್ಚಿಹೋಗುತ್ತವೆ, ಮೊದಲೇ ಉಳಿಸಿಕೊಳ್ಳಿ. ಮತ್ತೆ, ಕಪ್ಪು ಪರದೆಯಲ್ಲಿ ಲಾಗಿನ್ ಆಗಲು ಪಾಸ್‌ವರ್ಡ್ ಒತ್ತುವಾಗ ಚುಕ್ಕಿಯೂ ಬೀಳುವುದಿಲ್ಲ, ನಕ್ಷತ್ರವೂ ಬೀಳುವುದಿಲ್ಲ. ಕೀಬೋರ್ಡು ಹಾಳಾಯಿತೆಂದು ಇನ್ನೊಂದು ತಂದು ಸಿಕ್ಕಿಸಿ ನೋಡಿದವರು ನನಗೆ ಗೊತ್ತು. ಸುಮ್ಮನೆ ಒತ್ತಿ ಎಂಟರ್ ಹೊಡೆಯಿರಿ, ಅದಕ್ಕೆ ಕೇಳಿಸುತ್ತದೆ.

ನಾನೇ ಮೊದಲ ಸಲ ಹೀಗೆ ಹೊರಗೆ ಹೋದದ್ದು ಒಂದು ಆಟಿ ತಿಂಗಳಲ್ಲಿ. ಕಪಾಟಿನಲ್ಲಿ ಧೂಳು ಹಿಡಿದಿದ್ದ ಆಟದ ವಿಡಿಯೊಗಳನ್ನು ಮಳೆಗಾಲದಲ್ಲಾದರೂ ಎಡಿಟ್ ಮಾಡಿ ಮುಗಿಸೋಣವೆಂದು ಸೆಕೆಂಡ್ ಹ್ಯಾಂಡ್ ಕಾರ್ಡೊಂದನ್ನು ತಂದು ಕೂರಿಸಿದ್ದೆ. ಡ್ರೈವರಿನ ಫೈಲನ್ನು ಜೋಪಾನವಾಗಿ "ಹೊಸತು" ಎಂಬ ಫೋಲ್ಡರಿನಲ್ಲಿ ಇಟ್ಟಿದ್ದೆ. ಕನ್ನಡಾಭಿಮಾನ, ನೋಡಿ. ಚೌಕಿಗೆ ಇಳಿದು ಫೋಲ್ಡರುಗಳ ಪಟ್ಟಿ ಕೇಳಿದರೆ "ಹೊಸತು" ಇರಬೇಕಾದಲ್ಲಿ ಒಂದು ಸಾಲು ಚೌಕುಳಿ. ಓದಲಾಗುವುದಿಲ್ಲ ಎನ್ನುವುದು ಬಿಡಿ, ಆ ಹೆಸರನ್ನು ಅಲ್ಲಿ ಒತ್ತುವುದಕ್ಕೂ ಆಗುವುದಿಲ್ಲ. ಕಣ್ಣೆದುರೇ ಇರುವ ಪೆಟ್ಟಿಗೆ, ಬೀಗದ ಕೈ ಮಾತ್ರ ಸಿಗದು. ಮತ್ತೆ ಡೆಸ್ಕ್‌ಟಾಪಿಗೆ ಬಂದು ಫೈಲನ್ನು ಹೊರಗೆ ತೆಗೆದು "ಎ" ಎಂದು ಒಂದಕ್ಷರದ ಇಂಗ್ಲಿಷ್ ಹೆಸರಿಟ್ಟು ಹೋದೆ. ಈ ಸಲ ಓಡಿತು. ಕರ್ನೆಲ್ಲಿಗೆ ತಕ್ಕ ಮಾಡ್ಯೂಲು ಕಟ್ಟಿಕೊಳ್ಳುತ್ತಿದ್ದೇನೆ ಎಂದು ಹೇಳಿ ಅರ್ಧ ದಾರಿ ಹೋಗಿತ್ತು, ದೊಡ್ಡದೊಂದು ಗುಡುಗು, ಕರೆಂಟು ಹೋಯಿತು. ಇನ್ವರ್ಟರು ಇದ್ದದ್ದು ಲೈಟು ಫ್ಯಾನಿಗೆ ಮಾತ್ರ. ಕರೆಂಟು ಬಂದ ಮೇಲೆ ಸ್ವಿಚ್ ಹಾಕಿದರೆ ಕಪ್ಪು ಪರದೆ, ಎಡತುದಿಯಲ್ಲಿ ಮಿಣಿಮಿಣಿ ಎನ್ನುವ ಒಂದು ಗೆರೆ. "ಇದ್ದದ್ದೂ ಹೋಯ್ತಾ?" ಎಂದು ಮನೆಯವರು ಕೇಳಿದರು. ಹೋಯಿತೆಂದೇ ನಾನೂ ನಂಬಿ ಮಲಗಿದೆ.

ಏನೂ ಹೋಗಿರಲಿಲ್ಲ. ಮರುದಿನ ಯಂತ್ರ ಏಳುವಾಗಲೇ ಎಸ್ಕೇಪ್ ಒತ್ತಿ, ಯಾವುದನ್ನು ಏಳಿಸಲಿ ಎಂದು ಕೇಳುವ ಗ್ರಬ್ ಪಟ್ಟಿ ತರಿಸಿದೆ. ಹಳೆ ಯಂತ್ರವಾದರೆ ಅಲ್ಲಿ ಶಿಫ್ಟ್ ಒತ್ತಿ ಹಿಡಿಯಬೇಕು. ಪಟ್ಟಿಯಲ್ಲಿ "ಇ" ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು 3 ಎಂದು ಬರೆದು ಎಫ್10 ಒತ್ತಿದರೆ, ರಂಗಸ್ಥಳ ಕಟ್ಟುವ ಗೋಜಿಗೇ ಹೋಗದೆ ಯಂತ್ರ ಸೀದಾ ಚೌಕಿಯಲ್ಲಿ ಬಂದು ನಿಂತಿತು. ಅರ್ಧ ಕೂತ ಡ್ರೈವರನ್ನು ತೆಗೆದು ಹಾಕಿದೆ. ಮತ್ತೆ ಶುರುಮಾಡಿದೆ, ಈ ಸಲ ಸಿಪಿಯುಗೆ ಒಂದು ಯುಪಿಎಸ್ ಕೊಟ್ಟು. ಆವತ್ತು ನನಗೆ ತಿಳಿದದ್ದು ಇಷ್ಟೇ: ಕಪ್ಪು ಪರದೆ ಕಂಡಾಗ ನಮ್ಮ ಎದೆ ನಿಲ್ಲುತ್ತದೆ, ಯಂತ್ರದ್ದು ನಿಲ್ಲುವುದಿಲ್ಲ. ಚಿತ್ರ ಹೋದ ಮಾತ್ರಕ್ಕೆ ಫೋಟೊ, ಫೈಲು, ಲೆಕ್ಕಪತ್ರ ಹೋಗುವುದಿಲ್ಲ.

ಆ ಚೌಕುಳಿಗಳ ವಿಷಯಕ್ಕೆ ಬರುತ್ತೇನೆ, ಕನ್ನಡದಲ್ಲಿ ಡೆಸ್ಕ್‌ಟಾಪು ಇಟ್ಟುಕೊಂಡವರಿಗೆ ಇದು ಬೇಕಾದ ಮಾತು. ಕರ್ನೆಲ್ಲಿನ ಕಪ್ಪು ಪರದೆ ಒಂದು ಸಲಕ್ಕೆ ಹೆಚ್ಚೆಂದರೆ 512 ಅಕ್ಷರರೂಪಗಳನ್ನು ಇಟ್ಟುಕೊಳ್ಳಬಲ್ಲದು, ಅದೂ ಒಂದರ ಪಕ್ಕ ಒಂದು ಅಚ್ಚುಮೊಳೆ ಜೋಡಿಸಿದ ಹಾಗೆ. ಒತ್ತಕ್ಷರವನ್ನು ಕೆಳಗೆ ಇಳಿಸುವುದು, ಗುಣಿತವನ್ನು ವ್ಯಂಜನಕ್ಕೆ ಕೂಡಿಸುವುದು ಅದಕ್ಕೆ ತಿಳಿಯದು. ಡೆಸ್ಕ್‌ಟಾಪಿನಲ್ಲಿ ಈ ಕೆಲಸವನ್ನು ಹಾರ್ಫ್‌ಬಜ್ ಎಂಬ ತಂತ್ರಾಂಶ ಮಾಡುತ್ತದೆ. ಲೋಹಿತ್, ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಮೈಬಣ್ಣ ಕೊಡುತ್ತವೆ. ರಂಗಸ್ಥಳ ಬಿಚ್ಚಿದ ಕೂಡಲೇ ಇವರೆಲ್ಲ ಮನೆಗೆ ಹೋಗುತ್ತಾರೆ. ಭಾಷೆ ಕನ್ನಡ ಎಂದು ಆರಿಸಿದ್ದರೆ ಯಂತ್ರ ಕೊಡುವ ಎಚ್ಚರಿಕೆಯ ಮಾತೂ ಚೌಕುಳಿಯಾಗಿಯೇ ಬರುತ್ತದೆ, ಓದಲೇಬೇಕಾದ ಹೊತ್ತಿನಲ್ಲಿ. ಉಪಾಯ ಸಣ್ಣದು. ಕಪ್ಪು ಪರದೆಗೆ ಹೋದ ಕೂಡಲೇ "ಎಕ್ಸ್‌ಪೋರ್ಟ್ ಲ್ಯಾಂಗ್=ಸಿ" ಎಂದು ಒತ್ತಿದರೆ, ಅಲ್ಲಿದ್ದಷ್ಟು ಹೊತ್ತು ಯಂತ್ರ ಸರಳ ಇಂಗ್ಲಿಷಿನಲ್ಲಿ ಮಾತಾಡುತ್ತದೆ. ಲ್ಯಾಂಗ್ ಎಂಬುದು ಮಾತ್ರ ದೊಡ್ಡಕ್ಷರಗಳಲ್ಲಿ, ಸಿ ಕೂಡ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸಿನಲ್ಲೇ ಪಾಠ; 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಈಗ ಕೈಟ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ, ಮಂಜೇಶ್ವರ, ಕುಂಬಳೆಯ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಆ ಕಡೆಯ ಅಧ್ಯಾಪಿಕೆಯೊಬ್ಬರು ಈ ಚೌಕುಳಿಗಳ ಫೋಟೊ ತೆಗೆದು ಕಳಿಸಿ "ವೈರಸ್ ಬಂತಾ?" ಎಂದು ಕೇಳಿದ್ದರು. ವೈರಸ್ ಅಲ್ಲ ಟೀಚರ್, ನಮ್ಮ ಕನ್ನಡ ಎಂದು ಬರೆದೆ. ಬರೆದ ಮೇಲೆ ಸ್ವಲ್ಪ ಬೇಜಾರಾಯಿತು. ನಮ್ಮ ಮೇಳಗಳಲ್ಲಿ ರಂಗಸ್ಥಳದ ಮೇಲೆ ಗ್ರಾಂಥಿಕ ಕನ್ನಡ, ಚೌಕಿಯಲ್ಲಿ ಮನೆಮಾತು. ಯಂತ್ರದಲ್ಲಿ ತಿರುಗಾಮುರುಗಾ: ಕನ್ನಡ ರಂಗದ ಮೇಲೆ ಮಿಂಚುತ್ತದೆ, ಚೌಕಿಗೆ ಮಾತ್ರ ಅದಕ್ಕೆ ಪ್ರವೇಶ ಇಲ್ಲ.

ಹೊರಗೆ ಹೋದರೂ ಡ್ರೈವರ್ ಕೂರದಿದ್ದರೆ ಸಾಮಾನ್ಯವಾಗಿ ಎರಡು ಕಾರಣ. ಮೊದಲನೆಯದು ನೂವೊ. ಎನ್‌ವಿಡಿಯಾ ತನ್ನ ಕಾರ್ಡುಗಳ ಗುಟ್ಟು ಬಿಟ್ಟುಕೊಡದಿದ್ದಾಗ ಉತ್ಸಾಹಿಗಳು ಕಾರ್ಡಿನ ನಡವಳಿಕೆ ನೋಡಿ ನೋಡಿ ತಾವೇ ಬರೆದ ಮುಕ್ತ ಡ್ರೈವರ್ ಅದು. 2010ರಲ್ಲಿ ಕರ್ನೆಲ್ಲಿಗೆ ಸೇರಿತು. ಯಂತ್ರ ಏಳುವಾಗಲೇ ಕಾರ್ಡನ್ನು ಹಿಡಿದುಕೊಳ್ಳುತ್ತದೆ, ಕಪ್ಪು ಪರದೆಯ ಅಕ್ಷರ ಮೂಡಿಸುವುದೂ ಅದೇ. ಹಾಗಾಗಿ ಆಟ ನಿಲ್ಲಿಸಿದರೂ ಅದು ಕಾರ್ಡನ್ನು ಬಿಡುವುದಿಲ್ಲ. ಅದನ್ನು ನಿಷೇಧದ ಪಟ್ಟಿಗೆ ಸೇರಿಸಿ, ಏಳುವಾಗ ಬಳಸುವ ಇನಿಟ್‌ರಾಮ್‌ಎಫ್‌ಎಸ್ ಎಂಬ ಗಂಟನ್ನು ಹೊಸದಾಗಿ ಕಟ್ಟಿಸಿ, ಒಂದು ಸಲ ರೀಬೂಟ್ ಮಾಡಲೇಬೇಕು. ಎರಡನೆಯದು ಸೆಕ್ಯೂರ್ ಬೂಟ್. ಸಹಿ ಇಲ್ಲದ ಮಾಡ್ಯೂಲನ್ನು ಅದು ಒಳಗೆ ಬಿಡುವುದಿಲ್ಲ. ನಿಮ್ಮ ಯಂತ್ರವೇ ಮಾಡಿದ ಕೀಲಿಯನ್ನು ಒಪ್ಪಿಕೊಳ್ಳಲೇ ಎಂದು ಮುಂದಿನ ಸಲ ಏಳುವಾಗ ನೀಲಿ ಪರದೆಯೊಂದು ಕೇಳುತ್ತದೆ. ನೀಲಿ ಕಂಡು ಹೆದರಿ ಕಂಟಿನ್ಯೂ ಒತ್ತಿ ದಾಟಿದರೆ ಕೀಲಿ ಸೇರಿಕೊಳ್ಳದೆ ಡ್ರೈವರ್ ಹೊರಗೇ ಉಳಿಯುತ್ತದೆ. ಕೀಲಿ ಸೇರಿಸುವ ಎನ್ರೋಲ್ ಎಂಬ ಸಾಲನ್ನೇ ಆರಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ: ಪತ್ರ ಬರೆದ ಹೆಚ್ಚಿನವರಿಗೆ ಈ ಯಾತ್ರೆ ಬೇಕೇ ಇಲ್ಲ. ಇಂಟೆಲ್, ಎಎಮ್‌ಡಿ ಚಿಪ್ ಇರುವವರ ಡ್ರೈವರುಗಳು ಕರ್ನೆಲ್ಲಿನ ಜೊತೆಯಲ್ಲೇ ಬರುತ್ತವೆ, ಅವರು ಸುಮ್ಮನೆ ಕೂರಬಹುದು. ಎನ್‌ವಿಡಿಯಾದವರು ಕೂಡ ಉಬುಂಟುವಿನಲ್ಲಿ "ಅಡಿಷನಲ್ ಡ್ರೈವರ್ಸ್" ತೆರೆದು, ಶಿಫಾರಸು ಎಂದು ತೋರಿಸಿದ್ದನ್ನು ಆರಿಸಿ, ರೀಬೂಟ್ ಮಾಡಿದರೆ ಮುಗಿಯಿತು. ಹಳೆಯ ಮಾಡ್ಯೂಲು ಆಟ ಮುಗಿಸುತ್ತದೆ, ಹೊಸದು ಮುಂದಿನ ಸಲ ರಂಗಕ್ಕೆ ಬರುತ್ತದೆ, ನಡುವೆ ಜಗಳವಿಲ್ಲ. ಕರ್ನೆಲ್ಲು ಹೊಸದಾದಾಗಲೆಲ್ಲ ತಕ್ಕ ಮಾಡ್ಯೂಲನ್ನು ಒದಗಿಸುವ ಹೊಣೆಯೂ ಉಬುಂಟುವಿನದೇ. ಜಾಲತಾಣದಿಂದ ಇಳಿಸಿದ ಫೈಲನ್ನು ನೀವೇ ಕೂರಿಸಿದಿರೋ, ಆ ಹೊಣೆ ನಿಮ್ಮ ತಲೆಗೆ ಬಂತು. ತೀರಾ ಹೊಸ ಕಾರ್ಡು, ಅಥವಾ ಇಂಥದೇ ಆವೃತ್ತಿ ಬೇಕೆಂದು ಪಟ್ಟು ಹಿಡಿಯುವ ಸಂಶೋಧನೆಯ ಕೆಲಸ, ಇವೆರಡು ಬಿಟ್ಟರೆ ಆ ದಾರಿ ಹಿಡಿಯಲು ನನಗೆ ಕಾರಣ ಕಾಣುವುದಿಲ್ಲ.

ಈ ಜಂಜಾಟಕ್ಕೆ ಎನ್‌ವಿಡಿಯಾದ ಮುಚ್ಚಿದ ಮುಷ್ಟಿಯೂ ಕಾರಣ. 2012ರ ಜೂನಿನಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಟೊರ್ವಾಲ್ಡ್ಸ್ ಕ್ಯಾಮೆರಾದ ಕಡೆ ತಿರುಗಿ ಆ ಕಂಪನಿಗೆ ನಡುಬೆರಳು ತೋರಿಸಿದ್ದು ಇದೇ ಸಿಟ್ಟಿಗೆ. ಹತ್ತು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಕಂಪನಿ ತನ್ನ ಕರ್ನೆಲ್ ಮಾಡ್ಯೂಲಿನ ಮೂಲವನ್ನು ಮುಕ್ತವಾಗಿ ಬಿಡುಗಡೆ ಮಾಡಿತು. ಹೊರಗಿನ ಲೈಬ್ರರಿಗಳು ಇನ್ನೂ ಮುಚ್ಚಿಯೇ ಇವೆ, ಆದರೂ ಮುಷ್ಟಿ ಅರ್ಧ ಬಿಚ್ಚಿದೆ ಎನ್ನಬಹುದು.

ಆ ರಾತ್ರಿ ಹುಡುಗನಿಗೂ ಕೊನೆಗೆ ಇದನ್ನೇ ಹೇಳಿದೆ. ಅರ್ಧ ಗಂಟೆ ಚೌಕಿಯ ಪಾಠ ಕೇಳಿಸಿಕೊಂಡವನು, ಡೆಸ್ಕ್‌ಟಾಪಿನಲ್ಲೇ ಕೂತು ಮೂರು ಕ್ಲಿಕ್ಕಿನಲ್ಲಿ ಡ್ರೈವರ್ ಹಾಕಿಕೊಂಡ. "ಹಾಗಾದ್ರೆ ಅಷ್ಟೆಲ್ಲ ಯಾಕೆ ಹೇಳಿದ್ದು ಸರ್?" ಎಂದ, ಸ್ವಲ್ಪ ಮುನಿಸಿನಲ್ಲೇ. ಚೀಟಿ ಬರೆದಿಟ್ಟುಕೋ ಎಂದು ಮಾತ್ರ ಹೇಳಿ ಫೋನಿಟ್ಟೆ.

ಮೊನ್ನೆ ಹೆದ್ದಾರಿಯ ಹತ್ತಿರ, ಅಂಬಲಪಾಡಿ ಜಂಕ್ಷನ್ನಿನಲ್ಲಿ ಸಿಕ್ಕಿದ. ಮಳೆ ಜೋರಾಗಿತ್ತು, ಇಬ್ಬರೂ ಒಂದೇ ಅಂಗಡಿಯ ಮಾಡಿನ ಕೆಳಗೆ ನಿಂತಿದ್ದೆವು. ಹಿಂದಿನ ವಾರ ಅಪ್‌ಡೇಟ್ ಮಾಡಿದ ಮೇಲೆ ಪರದೆ ಕಪ್ಪಾಗಿ ನಿಂತಿತ್ತಂತೆ. ಎಫ್3ಗೆ ಹೋಗಿ, ಚೀಟಿ ನೋಡಿ ಆಟ ನಿಲ್ಲಿಸಿ, ಡ್ರೈವರನ್ನು ತೆಗೆದು ಮತ್ತೆ ಹಾಕಿ ಬಂದನಂತೆ. ನನಗೆ ಒಂದು ಫೋನು ಮಾಡಬಹುದಿತ್ತಲ್ಲ ಮಾರಾಯ ಎಂದೆ.

"ಗಂಟೆ ಒಂದೂವರೆ ಆಗಿತ್ತು ಸರ್," ಎಂದ. "ಮತ್ತೆ, ಹೆದರಿಕೆಯೂ ಆಗ್ಲಿಲ್ಲ."